ಯಾರ ಹೆಸರು ಹಾಕ್ಲಿ?

ಆಯಣ್ಣನ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಆಯಣ್ಣ ಅಂದರೆ ನಮ್ಮ ಕಡೆ ಆ ಅಣ್ಣ ಅಂತ, ಅದು ಹೆಸರಲ್ಲ. ಹೆಸರು ಮರೆತಿದ್ದೀನಿ ಅಂತಲ್ಲ. ಬರೆಯೋ ಯೋಗ್ಯತೆ ನನಗಿಲ್ಲ, ಅಷ್ಟೇ. ಯಾಕೆ ಅಂತ ಓದುತ್ತಾ ಹೋದರೆ ನಿಮಗೇ ಗೊತ್ತಾಗುತ್ತದೆ. ಗೊತ್ತಾದ ಮೇಲೆ ನನ್ನನ್ನು ಬೈದುಕೊಂಡರೂ ಬೈದುಕೊಳ್ಳಿ.

ಕಳೆದ ತಿಂಗಳು ಆಯಣ್ಣ ತೀರಿಕೊಂಡ. ಬೆಳಿಗ್ಗೆ ಎಂದಿನಂತೆ ಕೆಲಸಕ್ಕೆ ಬಂದು ಕೂತವನು ಎದೆ ಹಿಡಿದುಕೊಂಡ, ನಾನೆದ್ದು ನೀರು ತರೋದರೊಳಗೆ ಮುಗಿದೇ ಹೋಯಿತು. ಐವತ್ತೂ ತುಂಬಿರಲಿಲ್ಲ. ಹನ್ನೊಂದನೇ ದಿನದ ಕಾರ್ಯಕ್ಕೆ ಮೂಕಂಡಪಲ್ಲಿಯ ಅವನ ಮನೆಗೆ ಹೋಗಿದ್ದೆ. ಊಟವಾದ ಮೇಲೆ ಬಂದವರಿಗೆಲ್ಲ ಒಂದೊಂದು ಸ್ಟೀಲ್ ಲೋಟ ಕೊಟ್ಟರು. ಸತ್ತವರ ಹೆಸರು ಕೊರೆಸಿ ನೆನಪಿಗೆ ಪಾತ್ರೆ ಹಂಚೋದು ನಮ್ಮ ಕಡೆ ಇದ್ದದ್ದೇ. ಲೋಟ ತಿರುಗಿಸಿ ನೋಡಿದೆ. ಆಯಣ್ಣನ ಹೆಸರಿತ್ತು. ಹೊಸದಾಗಿ ಬಂದಿರೋ ಕರೆಂಟಿನ ಮಿಷಿನ್ನಿನಲ್ಲಿ ಕೊರೆದದ್ದು, ಅಕ್ಷರ ಎಲ್ಲಾ ಒಂದೇ ಸಮ. ಆಯಣ್ಣನ ಕೈಯಲ್ಲಾದರೆ ಒಂದೊಂದು ಅಕ್ಷರವೂ ಒಂಚೂರು ಬಲಕ್ಕೆ ವಾಲುತ್ತಿತ್ತು.

ಆ ಮನೆಯಲ್ಲಿ ಅವನ ಹೆಸರಿದ್ದ ಮೊದಲನೇ ಪಾತ್ರೆ ಅದು. ನಾನು ಅದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಕೂತಿದ್ದೆ. ಅವನ ಹೆಂಡತಿ, ನಾನು ಅತ್ತಿಗೆ ಅಂತಲೇ ಕರೆಯೋದು, ಕೆಲಸವೆಲ್ಲ ಮುಗಿಸಿ ನನ್ನ ಪಕ್ಕ ಬಂದು ಕೂತು ಒಂದು ಮಾತು ಕೇಳಿದಳು. ಏನು ಕೇಳಿದಳು ಅಂತ ಆಮೇಲೆ ಹೇಳ್ತೀನಿ. ಮೊದಲು ಆಯಣ್ಣ ಯಾರು ಅಂತ ಹೇಳಬೇಕು.

ನಮ್ಮದು ಹೊಸೂರು ಪೇಟೆಯಲ್ಲಿ ವಾದ್ಯದ ಅಂಗಡಿ. ಹಾರ್ಮೋನಿಯಂ, ತಬಲ, ಡೋಲಕ್ಕು, ಭಜನೆ ತಾಳ. ಫ್ಯಾಕ್ಟರಿಗಳು ಬಂದ ಮೇಲೆ ಗಿಟಾರು. ಅಪ್ಪ ರಿಪೇರಿ ನೋಡಿಕೊಳ್ಳುತ್ತಿದ್ದರು. ಅವರ ಮಂಡಿ ನೋವು ಜಾಸ್ತಿಯಾದ ಮೇಲೆ ಗಲ್ಲಾಪೆಟ್ಟಿಗೆ ಮುಂದೆ ನಾನು ಕೂತೆ. ಮದುವೆಯಾಗದ ಹುಡುಗಿ ಬೀದಿಗೆ ಮುಖ ಮಾಡಿಕೊಂಡು ಕೂತವಳೆ ಅಂತ ಪೇಟೆಯೆಲ್ಲ ಆಡಿಕೊಂಡಿತು. ಆಡಿಕೊಳ್ಳಲಿ ಬಿಡಿ. ಹಾಗೆ ಆಡಿಕೊಂಡವರೂ ತಬಲಾ ಹರಿದಾಗ ನನ್ನ ಮುಂದೆಯೇ ಬಂದು ನಿಲ್ಲಬೇಕಿತ್ತು.

ನಮ್ಮ ಗೋಡೆಗೆ ಅಂಟಿಕೊಂಡಂತೆ ಪಾತ್ರೆ ಅಂಗಡಿ. ಅದರ ಜಗಲಿಯ ಮೇಲೆ ಗೋಣಿಚೀಲ ಹಾಸಿಕೊಂಡು ಆಯಣ್ಣ ಕೂರುತ್ತಿದ್ದ. ಪಾತ್ರೆಗೆ ಹೆಸರು ಕೊರೆಯೋದು ಅವನ ಕೆಲಸ. ಕೈಯಲ್ಲಿ ಬೆರಳುದ್ದದ ಚಾಣ, ಒಂದು ಪುಟ್ಟ ಸುತ್ತಿಗೆ. ಯಾರಾದರೂ ಕೊಳಗವೋ ತಟ್ಟೆಯೋ ತಂದು ಮುಂದಿಟ್ಟರೆ ತಲೆ ಎತ್ತದೆ ಕೇಳುತ್ತಿದ್ದ, "ಯಾರ ಹೆಸರು ಹಾಕ್ಲಿ?" ತಮಿಳಿನವರು ಬಂದರೆ ತಮಿಳಿನಲ್ಲಿ, ತೆಲುಗಿನವರು ಬಂದರೆ ತೆಲುಗಿನಲ್ಲಿ. ದಿನಕ್ಕೆ ನೂರು ಸಲ ಆ ಮಾತು ನನ್ನ ಕಿವಿಗೆ ಬೀಳುತ್ತಿತ್ತು. ನಿದ್ದೆಯಲ್ಲೂ ಹಾಗೇ ಕೇಳ್ತಾನೇನೋ ಅಂತ ಒಂದು ದಿನ ರೇಗಿಸಿದೆ.

"ಅದನ್ನೂ ಕೇಳಿದ್ದಾಯ್ತು ಕಣಮ್ಮಣ್ಣಿ," ಅಂದ. "ಮಗಳು ಹುಟ್ಟಿದ ದಿನ ಸೂಲಗಿತ್ತಿ ಮಗೂನ ತಂದು ಕೈಗಿಟ್ಲು. ಯಾರ ಹೆಸರು ಹಾಕ್ಲಿ ಅಂದ್ಬುಟ್ಟೆ. ಎಲ್ರೂ ನಕ್ಕಿದ್ದೇ ನಕ್ಕಿದ್ದು."

ಅಮ್ಮಣ್ಣಿ ಅನ್ನುತ್ತಿದ್ದ ನನ್ನನ್ನು. ಹಾಗೆ ಕರೆಯುತ್ತಿದ್ದವರು ನನ್ನ ಅಜ್ಜಿ ಬಿಟ್ಟರೆ ಅವನೊಬ್ಬನೇ.

ಅವನದು ಜವಳಗಿರಿ ಹತ್ತಿರದ ಹಳ್ಳಿ. ಅಣ್ಣ ಊರಿನಲ್ಲಿ ರಾಗಿ ಬೆಳೆಯುತ್ತಿದ್ದ, ಇವನು ಪೇಟೆಗೆ ಬಂದ. ರೈಲ್ವೆ ಸ್ಟೇಷನ್ನಿನಲ್ಲಿ ಒಬ್ಬ ಗುಮಾಸ್ತರು ಗಿಟಾರು ನುಡಿಸುತ್ತಿದ್ದರಂತೆ. ಇವನು ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು ಕೇಳುತ್ತಿದ್ದ. ಅವರಿಗೆ ವರ್ಗವಾದಾಗ ಆ ಹಳೇ ಗಿಟಾರನ್ನು ಇವನ ಕೈಗೇ ಕೊಟ್ಟು ಹೋದರು. ಪಾಠ ಎಷ್ಟು ದಿನ ಆಯಿತು ಅಂತ ಕೇಳಿದರೆ, "ಪಾಠ ಎಲ್ಲಿ ಬಂತು, ನೋಡ್ತಾ ಇದ್ದೆ, ಅಷ್ಟೇಯ," ಅನ್ನುತ್ತಿದ್ದ. ಹಗಲೆಲ್ಲ ಸ್ಟೀಲು ಕುಟ್ಟಿ ಒರಟಾದ ಬೆರಳು. ತಂತಿ ಮೇಲಿಟ್ಟರೆ ಅದೇ ಬೆರಳು ಅಷ್ಟು ಮೆತ್ತಗಾಗುತ್ತಿತ್ತು. ಬಾಗಲೂರು, ರಾಯಕೋಟೆ, ಡೆಂಕಣಿಕೋಟೆ, ಶೂಳಗಿರಿ, ಎಲ್ಲಿ ಮದುವೆ ಆರತಕ್ಷತೆ ಇದ್ದರೂ ನಮ್ಮ ಹೊಸೂರಿನ ಆರ್ಕೆಸ್ಟ್ರಾ ಇರುತ್ತಿತ್ತು, ಆರ್ಕೆಸ್ಟ್ರಾದಲ್ಲಿ ಆಯಣ್ಣ ಇರುತ್ತಿದ್ದ. ಮೈಕಿನಲ್ಲಿ ಅವನ ಹೆಸರು ಹೇಳಿದ ಕೂಡಲೇ ಹಿಂದುಗಡೆಯಿಂದ ಶಿಳ್ಳೆ ಬೀಳುತ್ತಿತ್ತು. ಆಗ ಅವನು ತಲೆ ಬಗ್ಗಿಸಿ, ಇದ್ದಕ್ಕಿದ್ದ ಹಾಗೆ ಬಿರಡೆ ತಿರುಗಿಸೋಕೆ ಶುರುಮಾಡುತ್ತಿದ್ದ. ಶ್ರುತಿ ಸರಿಯಾಗೇ ಇರುತ್ತಿತ್ತು. ನಾಚಿಕೆಗೆ ಏನಾದರೂ ಮಾಡಬೇಕಲ್ಲ.

ಅವನಿಗೆ ಒಂದು ಹುಚ್ಚಿತ್ತು. ಹೆಸರು ಕೊರೆಯೋ ಮುಂಚೆ ಪಾತ್ರೆಯನ್ನು ಉಗುರಿನಿಂದ ಒಂದು ಸಲ ಮೀಟಿ ಕೇಳುತ್ತಿದ್ದ. ಕೊರೆದು, ಊದಿ, ಹೆಬ್ಬೆರಳಿನಿಂದ ಒರೆಸಿ, ಇನ್ನೊಂದು ಸಲ ಮೀಟುತ್ತಿದ್ದ. "ಹೆಸರು ಬಿದ್ಮೇಲೆ ಸದ್ದು ಬದಲಾಗ್ತದೆ ಕಣಮ್ಮಣ್ಣಿ. ಒಂದು ಕೂದಲೆಳೆ ಅಷ್ಟು ಇಳೀತದೆ. ಪಾತ್ರೆಗೂ ಗೊತ್ತಾಗ್ಬುಡ್ತದೆ, ತಾನಿನ್ನು ಇಂಥೋರ ಮನೇದು ಅಂತ." ನಾನೂ ಎಷ್ಟೋ ಸಲ ಕಿವಿಗೊಟ್ಟು ಕೇಳಿದೆ. ನನಗಂತೂ ಎರಡು ಸಲವೂ ಒಂದೇ ಥರ ಕೇಳಿಸಿತು. ಅವನಿಗೆ ಹಾಗೆ ಹೇಳಲಿಲ್ಲ.

ಒಂದು ಸಲ ಯುಗಾದಿ ಒಬ್ಬಟ್ಟು ಕೊಡೋಕೆ ಅವನ ಮನೆಗೆ ಹೋಗಿದ್ದೆ. ಅತ್ತಿಗೆ ಪಾನಕ ಕೊಟ್ಟಳು. ಲೋಟದ ಮೇಲೆ ಒಂದು ಗಂಡು ಹೆಣ್ಣಿನ ಹೆಸರು. ತಟ್ಟೆ ನೋಡಿದೆ, ಬೇರೆ ಇನ್ನೊಂದು ಜೋಡಿ. ಗೂಡಿನಲ್ಲಿದ್ದ ಕೊಳಗ, ಡಬರಿ, ಸೌಟು, ಎಲ್ಲದರ ಮೇಲೂ ಯಾರ್ಯಾರದೋ ಹೆಸರು. ಇದೇನತ್ತಿಗೆ, ಊರಿನವರ ಪಾತ್ರೆಯೆಲ್ಲ ನಿಮ್ಮ ಮನೇಲವೆ ಅಂದೆ. ಅವಳು ನಗಲಿಲ್ಲ. "ನಿಂತೋದ ಮದುವೆಗಳು ಕಣಮ್ಮ," ಅಂದಳು.

ಆಮೇಲೆ ಅರ್ಥವಾಯಿತು. ಮದುವೆ ಗೊತ್ತಾದ ಕೂಡಲೇ ಹೆಣ್ಣಿನ ಕಡೆಯವರು ಓಡಿಬಂದು ಗಂಡು ಹೆಣ್ಣಿನ ಹೆಸರು ಹಾಕಿಸಿಬಿಡುತ್ತಾರೆ. ಇನ್ನೇನು ಚಪ್ಪರ ಹಾಕಬೇಕು ಅನ್ನುವಾಗ ಯಾವುದೋ ಮಾತಿಗೆ ಮಾತು ಬೆಳೆದು ಸಂಬಂಧ ಮುರಿಯುತ್ತದೆ. ಆ ಪಾತ್ರೆಯನ್ನು ಅವರೂ ಮನೆಗೆ ಸೇರಿಸೋದಿಲ್ಲ, ಬೇರೆಯವರೂ ಮುಟ್ಟೋದಿಲ್ಲ. ವಾಪಸು ಬಂದದ್ದನ್ನೆಲ್ಲ ಪಾತ್ರೆ ಅಂಗಡಿ ಸಾಹುಕಾರರು ಆಯಣ್ಣನ ಕಡೆ ತಳ್ಳುತ್ತಿದ್ದರು, ನೀನೇ ಕೊರೆದದ್ದು ನೀನೇ ಇಟ್ಕೋ ಅಂತ. ಇವನು ತಂದು ತಂದು ಅಡಿಗೆಮನೆ ತುಂಬಿದ್ದ. ನಡೆಯದೇ ಹೋದ ಮದುವೆಗಳ ತಟ್ಟೆಯಲ್ಲಿ ಆ ಮನೆಯವರು ದಿನಾ ಮುದ್ದೆ ಉಣ್ಣುತ್ತಿದ್ದರು.

ಮಗಳು ಅಕ್ಷರ ಕಲಿತದ್ದೂ ಆ ತಟ್ಟೆಗಳ ಮೇಲೆಯೇ. ಒಂದು ದಿನ ಅವಳು ಎಲ್ಲಾ ಪಾತ್ರೆ ಕೆಳಗಿಳಿಸಿ, ಓದಿ, ಜೋಡಿಸಿಟ್ಟು, "ಅಪ್ಪಾ, ಇದ್ರಾಗೆ ನಮ್ದು ಯಾವ್ದು?" ಅಂದಳಂತೆ. ಆಯಣ್ಣ ಅದನ್ನು ನನಗೆ ನಗುನಗುತ್ತಲೇ ಹೇಳಿದ. ಹೇಳಿ ಮುಗಿಸೋ ಹೊತ್ತಿಗೆ ನಗು ಇರಲಿಲ್ಲ.

"ಅಲ್ಲಣ್ಣ, ಚಾಣ ನಿನ್ನ ಕೈಯಲ್ಲೇ ಅದೆ. ಒಂದು ಲೋಟಕ್ಕೆ ನಿನ್ನ ಹೆಸರು ಹಾಕ್ಕೊಳೋಕೆ ಏನು ಕಷ್ಟ?" ಅಂದೆ.

"ನನ್ ಹೆಸ್ರು ನಾನೇ ಕೊರ್ಕೊಂಡ್ರೆ ಅದೇನ್ ಮರ್ವಾದೆ ಅಮ್ಮಣ್ಣಿ? ಯಾರಾನಾ ಬಂದು, ನಿನ್ ಹೆಸ್ರು ಹಾಕು ಅನ್ಬೇಕು. ಆಗ ಹಾಕ್ತೀನಿ."

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಆ ವರ್ಷವೇ ಇರಬೇಕು, ಸರಕು ಕಳಿಸೋ ವ್ಯಾಪಾರಿ ಒಂದು ಹೊರದೇಶದ ಕ್ಯಾಟಲಾಗು ಕಟ್ಟಿನ ಜೊತೆ ಇಟ್ಟು ಕಳಿಸಿದ್ದ. ಅದರಲ್ಲಿ ಗಿಟಾರಿನ ಚಿತ್ರ. ಗಿಟಾರಿನ ತಲೆಯ ಮೇಲೆ ಯಾರೋ ದೊಡ್ಡ ವಾದಕನ ರುಜು. ಅವನ ರುಜು ಇದೆ ಅಂತಲೇ ಜನ ಮೇಲೆ ಬಿದ್ದು ತಗೊಳ್ತಾರೆ ಅಂತ ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಕನ್ನಡಕ ಏರಿಸಿಕೊಂಡು ನೋಡಿದರು. "ಅಲ್ಲೆಲ್ಲ ನಡೀತದೇನೋ. ಇಲ್ಲಿ ಹೆಸರು ಹಾಕಿದ್ರೆ ಯಾರು ತಗೋತಾರೆ?" ಅಂದರು. ನನಗೆ ರೇಗಿಹೋಯಿತು. ಮೈಕಿನಲ್ಲಿ ಹೆಸರು ಹೇಳಿದರೆ ಶಿಳ್ಳೆ ಹೊಡೆಯುವವರು, ಆ ಹೆಸರಿರೋ ಗಿಟಾರು ಬೇಡ ಅಂತಾರಾ? ಮೂಕಂಡಪಲ್ಲಿಯಲ್ಲಿ ರೂಮು ಮಾಡಿಕೊಂಡಿರೋ ಫ್ಯಾಕ್ಟರಿ ಟ್ರೈನಿಗಳು ಆಯಣ್ಣ ನುಡಿಸೋದು ನೋಡಿಯೇ ತಾನೇ ಗಿಟಾರು ಕಲಿಯೋಕೆ ಬರೋದು? ಒಂದು ವಾರ ಅಪ್ಪನ ಜೊತೆ ಜಗಳ ಆಡಿದೆ. ಗೆದ್ದೆ. ಹಾಳಾದ್ದು, ಆ ಜಗಳ ನಾನು ಸೋಲಬೇಕಿತ್ತು.

ಹನ್ನೆರಡು ಗಿಟಾರು ತರಿಸಿದೆ. ಹೊಸ ಮರದ ವಾಸನೆ, ಕಪ್ಪು ಬಣ್ಣದ ತಲೆ. ಹನ್ನೆರಡನ್ನೂ ಸಾಲಾಗಿ ಒರಗಿಸಿ ಆಯಣ್ಣನನ್ನು ಕರೆದೆ. ಪಾತ್ರೆ ಅಂಗಡಿಯವರದೇನೋ ಕೆಲಸ ಅಂದುಕೊಂಡು ಚಾಣ ಹಿಡಿದುಕೊಂಡೇ ಬಂದ. ಕೂತ. ಮೊದಲನೇ ಗಿಟಾರನ್ನು ತೊಡೆ ಮೇಲಿಟ್ಟುಕೊಂಡು ಕೇಳಿದ, "ಯಾರ ಹೆಸರು ಹಾಕ್ಲಿ?"

"ನಿನ್ನ ಹೆಸರು ಹಾಕಣ್ಣ," ಅಂದೆ.

ತಲೆ ಎತ್ತಿ ನೋಡಿದ. ತಮಾಷೆ ಅಂದುಕೊಂಡನೇನೋ. ಕ್ಯಾಟಲಾಗು ತೋರಿಸಿದೆ, ಎಲ್ಲಾ ವಿವರಿಸಿದೆ. ಅವನು ಚಿತ್ರದ ಮೇಲಿನ ರುಜುವನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ. ಆಮೇಲೆ ಚಾಣ ಕೆಳಗಿಟ್ಟು ಎದ್ದು ಹೋದ. ಕೋಪ ಬಂತೇನೋ ಅಂತ ನಾನು ಹೆದರಿದೆ. ಅವನು ನಲ್ಲಿಯ ಹತ್ತಿರ ಹೋಗಿ ಕೈಕಾಲು ಮುಖ ತೊಳೆದುಕೊಂಡು ಬಂದ. ಯಾರ ಹೆಸರಿಗೂ ಹಾಗೆ ತೊಳೆದುಕೊಂಡವನಲ್ಲ.

ಮೇಲೆ ತಮಿಳು, ಅದರ ಕೆಳಗೆ ಕನ್ನಡ. ಕೊರೆದು ಬಿಳಿ ಬಣ್ಣ ತುಂಬಿದ. ಒಂದು ಗಿಟಾರಿಗೆ ಒಂದು ದಿನ. ಕೊರೆಯೋ ಮುಂಚೆ ನುಡಿಸುತ್ತಿದ್ದ, ಕೊರೆದ ಮೇಲೆ ನುಡಿಸುತ್ತಿದ್ದ. "ಇಳೀತು ನೋಡು, ಒಂದೆಳೆ. ಗೊತ್ತಾಗೋಯ್ತು ಇದ್ಕೆ," ಅನ್ನುತ್ತಿದ್ದ. ಹನ್ನೆರಡನೇ ದಿನ ಅತ್ತಿಗೆ, ಮಗಳು ಇಬ್ಬರನ್ನೂ ಕರೆದುಕೊಂಡು ಬಂದ. ಮಗಳು ಗೋಡೆಯಲ್ಲಿ ನೇತುಹಾಕಿದ್ದ ಗಿಟಾರುಗಳ ಮೇಲೆ ಹೆಸರು ಓದುತ್ತಾ ಬಂದಳು. ಹನ್ನೆರಡು ಸಲವೂ ಜೋರಾಗಿ ಓದಿದಳು.

"ಹನ್ನೆರಡು ಮನೇಲಿ ನಮ್ ಹೆಸ್ರು ಇರ್ತದೆ ಕಣೆ," ಅಂದ ಆಯಣ್ಣ ಹೆಂಡತಿಗೆ.

ಒಂದೂ ಹೋಗಲಿಲ್ಲ.

ಮೊದಲು ಬಂದವನು ಒಬ್ಬ ಟ್ರೈನಿ. ಗಿಟಾರು ಇಳಿಸಿ, ಮೀಟಿ, ಚೆನ್ನಾಗಿದೆ ಅಂತ ತಲೆ ಆಡಿಸಿದ. ತಲೆಯ ಮೇಲಿನ ಹೆಸರು ಕಂಡದ್ದೇ ಮುಖ ಚಿಕ್ಕದು ಮಾಡಿಕೊಂಡ. ಯಾರೋ ವಾಪಸು ಕೊಟ್ಟಿದ್ದಾ ಅಕ್ಕಾ, ಹೊಸದಿಲ್ಲವಾ ಅಂತ ತಮಿಳಿನಲ್ಲಿ ಕೇಳಿದ. ಹೊಸದೇ ಅಂದೆ. ಮತ್ತೆ ಇವರ ಹೆಸರಿದೆಯಲ್ಲ, ಅವರದಲ್ಲವಾ ಅಂದ. ಅಯ್ಯೋ, ಆರ್ಕೆಸ್ಟ್ರಾದಲ್ಲಿ ನುಡಿಸ್ತಾರಲ್ಲ, ಅವರ ಹೆಸರು ಕಣಪ್ಪಾ ಅಂದೆ. ಅವರು ಅಂದರೆ ನನಗೆ ಪ್ರಾಣ ಅಕ್ಕಾ, ಆದರೆ ಅವರ ಗಿಟಾರು ನಾನು ಹೇಗೆ ತಗೊಳ್ಳೋದು ಅಂದ.

ಎರಡನೆಯವರು ಡೆಂಕಣಿಕೋಟೆಯಿಂದ ಮಗನಿಗೆ ಕೊಡಿಸೋಕೆ ಬಂದ ಮೇಷ್ಟ್ರು. ನೆಂಟರು ಮದುವೆಗೆ ಕೊಟ್ಟದ್ದನ್ನ ಮಾರೋಕೆ ಇಟ್ಟಿದ್ದಾರಾ ಅಂತ ಕೇಳಿದರು. ಒಬ್ಬ ಅಜ್ಜಿಯಂತೂ ಮೊಮ್ಮಗನ ಕೈಯಿಂದ ಗಿಟಾರು ಕಿತ್ತು ಗೋಡೆಗೆ ಒರಗಿಸಿಬಿಟ್ಟಳು. "ಸತ್ತೋರ ಹೆಸ್ರಾಗೆ ಹಂಚೋ ಪಾತ್ರೆ ಇದ್ದಂಗೈತೆ. ಬ್ಯಾಡ ನಡಿಯಪ್ಪ ಮನೆಗೆ," ಅಂದಳು. ಪಕ್ಕದ ಜಗಲಿಯಲ್ಲಿ ಟಕ್ ಟಕ್ ಅಂತ ಕುಟ್ಟೋ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹೊರದೇಶದಲ್ಲಿ ಹೆಸರು ಅಂದರೆ ದೊಡ್ಡ ಮನುಷ್ಯನ ಗುರುತು. ನಮ್ಮಲ್ಲಿ ವಸ್ತುವಿನ ಮೇಲೆ ಹೆಸರಿದ್ದರೆ ಅದು ಒಡೆಯನ ಹೆಸರು, ಇಲ್ಲಾ ಕೊಟ್ಟವನ ಹೆಸರು, ಇಲ್ಲಾ ಸತ್ತವನ ಹೆಸರು. ಈ ಪಾಠವನ್ನು ಪೇಟೆಗೆಲ್ಲ ಕಲಿಸಿದವನೇ ಆಯಣ್ಣ, ಜಗಲಿ ಮೇಲೆ ಕೂತು ಒಂದೊಂದೇ ಪಾತ್ರೆ ಕೊರೆದು. ಅವನ ಪಕ್ಕದಲ್ಲೇ ಕೂತಿದ್ದ ನಾನು, ಮೂರು ಮೂರು ಭಾಷೆ ಬರುತ್ತದೆ ಅಂತ ಜಂಬ ಪಡುತ್ತಿದ್ದ ನಾನು, ಅದನ್ನು ಮರೆತು ಕ್ಯಾಟಲಾಗು ನಂಬಿದೆ.

ದಿನಾ ಬೆಳಿಗ್ಗೆ ಅವನು ಚಾಣ ಮಸೆಯೋ ನೆಪದಲ್ಲಿ ನಮ್ಮ ಅಂಗಡಿಗೆ ಬರುತ್ತಿದ್ದ. ಗೋಡೆ ಕಡೆ ಒಂದು ಸಲ ಕಣ್ಣು ಹಾಯಿಸುತ್ತಿದ್ದ. ಏನೂ ಕೇಳುತ್ತಿರಲಿಲ್ಲ. ನಾಲ್ಕು ತಿಂಗಳು ಹೀಗೇ ನಡೆಯಿತು. ಕೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಆಮೇಲೆ ಅವನ ಊರಿನಲ್ಲಿ ಆನೆಗಳು ರಾಗಿ ಹೊಲಕ್ಕೆ ಇಳಿದವು. ಅಣ್ಣನಿಗೆ ಕಾವಲಿಗೆ ಆಳು ಸಾಲದು ಅಂತ ಆಯಣ್ಣ ಜವಳಗಿರಿ ಕಡೆ ಹೋದ. ಹತ್ತು ದಿನ ಇರಲಿಲ್ಲ. ಆ ಹತ್ತು ದಿನದಲ್ಲಿ ನಾನು ಮಾಡಬಾರದ್ದು ಮಾಡಿದೆ. ಮರದ ಹೊಟ್ಟಿಗೆ ಅಂಟು ಕಲಸಿ ಅಕ್ಷರದ ಗೀರುಗಳಿಗೆ ತುಂಬಿದೆ. ಒಣಗಿದ ಮೇಲೆ ಉಪ್ಪುಕಾಗದದಿಂದ ತಿಕ್ಕಿದೆ. ಮೇಲೆ ಕಪ್ಪು ಬಣ್ಣ ಎರಡು ಸಲ ಬಳಿದೆ. ಅಪ್ಪ ಮೂಲೆಯಲ್ಲಿ ಕೂತು ನೋಡುತ್ತಿದ್ದರು. ನಾನು ಮೊದಲೇ ಹೇಳಿರಲಿಲ್ವಾ ಅಂತ ಅವರು ಅನ್ನಲಿಲ್ಲ. ಅವನಿಗೆ ಏನು ಹೇಳ್ತೀಯಾ ಅಂತ ಮಾತ್ರ ಕೇಳಿದರು.

ಅವನಿಗೆ ನೋವಾಗಬಾರದು ಅಂತ ಹಾಗೆ ಮಾಡಿದೆ ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೀನಿ. ಅರ್ಧ ನಿಜ. ಇನ್ನರ್ಧ ಏನು ಅಂದರೆ, ಮಾರಾಟವಾಗದ ಹನ್ನೆರಡು ಗಿಟಾರು ದಿನಾ ಗೋಡೆ ಮೇಲಿಂದ ನನ್ನನ್ನು ಅಣಕಿಸುತ್ತಿದ್ದವು. ನನ್ನ ಸೋಲು ನನಗೆ ಕಾಣಬಾರದಿತ್ತು. ಅದಕ್ಕೆ ಅವನ ಹೆಸರನ್ನೇ ಮುಚ್ಚಿದೆ.

ಆಯಣ್ಣ ವಾಪಸು ಬಂದಾಗ ಗೋಡೆ ಖಾಲಿ. ಗಿಟಾರುಗಳನ್ನು ಅಟ್ಟಕ್ಕೆ ಹಾಕಿದ್ದೆ.

"ಎಲ್ಲಿ ಅಮ್ಮಣ್ಣಿ?" ಅಂದ.

"ಹೋದವಣ್ಣ. ಅಷ್ಟೂ ಹೋದವು. ಕೃಷ್ಣಗಿರಿ ಕಡೆಯಿಂದ ಒಬ್ಬ ವ್ಯಾಪಾರಿ ಬಂದಿದ್ದ, ನಿನ್ನ ಹೆಸರು ನೋಡಿ ಎಲ್ಲಾ ಒಟ್ಟಿಗೆ ತಗೊಂಡ." ಬಾಯಿಪಾಠ ಮಾಡಿದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದೆ.

"ಹೆಸ್ರು ನೋಡಿ?"

"ಹೂಂ."

"ಹನ್ನೆರಡೂ?"

"ಹನ್ನೆರಡೂ."

ಏನು ಮುಖ ಅದು! ಹತ್ತು ದಿನ ಕಾವಲಿನಲ್ಲಿ ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿತ್ತು, ಗಡ್ಡ ಬಂದಿತ್ತು. ಅದರಲ್ಲೂ ನಕ್ಕ. ಮಿಠಾಯಿ ತಂದು ಇಡೀ ಬೀದಿಗೆ ಹಂಚಿದ. ನನಗೂ ಕೊಟ್ಟ. ತಿಂದೆ ಕಣ್ರೀ, ನಾಚಿಕೆಯಿಲ್ಲದೆ ತಿಂದೆ.

ಗಿಟಾರುಗಳು ಒಂದೊಂದಾಗಿ ಅಟ್ಟದಿಂದ ಇಳಿದು, ಹೆಸರಿಲ್ಲದ ಹೊಸ ಗಿಟಾರುಗಳಾಗಿ ಮೂಕಂಡಪಲ್ಲಿಯ ರೂಮುಗಳಿಗೆ, ಬಾಗಲೂರಿಗೆ, ಮತ್ತಿಗಿರಿಗೆ ಹೋದವು. ಮೂರೇ ತಿಂಗಳಲ್ಲಿ ಎಲ್ಲಾ ಖಾಲಿ. ಆಯಣ್ಣ ಮಾತ್ರ ಅವನ್ನು ಕೃಷ್ಣಗಿರಿಯಲ್ಲಿ ಹುಡುಕಿದ.

ಆ ಕಡೆ ಕಾರ್ಯಕ್ರಮ ಅಂದರೆ ಸಾಕು, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೊರಡುತ್ತಿದ್ದ. ಮಾರನೇ ದಿನ ಬಂದು ವರದಿ ಒಪ್ಪಿಸುತ್ತಿದ್ದ. "ಒಂದ್ ಸ್ಕೂಲಾಗೆ ನಾಕು ಗಿಟಾರು ಇದ್ವು ಅಮ್ಮಣ್ಣಿ, ಎಲ್ಲಾದ್ರ ತಲೇನೂ ನೋಡ್ದೆ. ನಮ್ದಲ್ಲ." ಇನ್ನೊಂದು ಸಲ, "ಕೃಷ್ಣಗಿರೀಲಿ ಇದ್ದಂಗಿಲ್ಲ. ಕಾವೇರಿಪಟ್ಟಣದ ಕಡೆ ಹೋಗಿರ್ಬೇಕು, ಅಲ್ವಾ?" ಇರಬಹುದಣ್ಣ ಅನ್ನುತ್ತಿದ್ದೆ. ಬೇರೆ ಆರ್ಕೆಸ್ಟ್ರಾದವರು ಬಂದರೆ ಅವರಿಗೆ ಕೈ ಕೊಡೋ ಮುಂಚೆ ಅವರ ಗಿಟಾರಿನ ತಲೆ ನೋಡುತ್ತಿದ್ದ. ಒಂದು ವರ್ಷವಲ್ಲ, ಎರಡು ವರ್ಷವಲ್ಲ, ಆರು ವರ್ಷ ಹುಡುಕಿದ. ಅಷ್ಟರಲ್ಲಿ ಅಪ್ಪ ತೀರಿಕೊಂಡರು. ಹೇಳಿಬಿಡೋಣ ಅಂತ ಎಷ್ಟು ಸಲ ಬಾಯಿ ತೆರೆದೆನೋ. ಅವನು ನಗುತ್ತಾ, "ಸಿಕ್ತದೆ ಬಿಡು, ಎಲ್ಲೋಗ್ತದೆ," ಅನ್ನುತ್ತಿದ್ದ. ಬಾಯಿ ಮುಚ್ಚುತ್ತಿದ್ದೆ.

ಒಂದು ಮಧ್ಯಾಹ್ನ ಆಯಣ್ಣ ನಮ್ಮ ಅಂಗಡಿಯ ಸ್ಟೂಲಿನ ಮೇಲೆ ಕೂತು ತನ್ನ ಗಿಟಾರಿಗೆ ತಂತಿ ಹಾಕುತ್ತಿದ್ದ. ಫ್ಯಾಕ್ಟರಿ ಯೂನಿಫಾರ್ಮಿನಲ್ಲಿದ್ದ ಒಬ್ಬ ಒಳಗೆ ಬಂದ. ಬಾಗಲೂರು ಕಡೆಯವನು, ಟ್ರೈನಿಯಾಗಿದ್ದಾಗ ನಮ್ಮಲ್ಲೇ ಗಿಟಾರು ಕೊಂಡಿದ್ದವನು. ಅದನ್ನು ಕೌಂಟರಿನ ಮೇಲೆ ಇಟ್ಟ.

"ಏನಕ್ಕಾ, ಹೊಸದು ಅಂತ ಕೊಟ್ರಲ್ಲ ನಂಗೆ? ನೋಡಿಲ್ಲಿ, ಬಣ್ಣ ಕಿತ್ಕೊಂಡು ಒಳಗಿಂದ ಯಾರ್ದೋ ಹೆಸ್ರು ಬತ್ತಾ ಐತೆ!"

ಆಯಣ್ಣ ಎದ್ದು ಬಂದ. ಗಿಟಾರಿನ ತಲೆಯನ್ನು ಬೆಳಕಿಗೆ ಹಿಡಿದ. ಅರ್ಧ ಬಣ್ಣ ಎದ್ದು, ತುಂಬಿದ್ದ ಹೊಟ್ಟು ಉದುರಿ, ಬಲಕ್ಕೆ ವಾಲಿದ ಅಕ್ಷರಗಳು ಕಾಣುತ್ತಿದ್ದವು. ಹೆಬ್ಬೆರಳನ್ನು ಅವುಗಳ ಮೇಲೆ ಓಡಿಸಿದ. ಒಂದು ಸಲ, ಎರಡು ಸಲ.

"ಎಲ್ ತಗೊಂಡೆ ಇದ್ನ?" ಅಂದ ಅವನಿಗೆ.

"ಇಲ್ಲೇ ಕಣಣ್ಣ. ಇದೇ ಅಂಗಡೀಲಿ."

ಆಯಣ್ಣ ನನ್ನ ಕಡೆ ತಿರುಗಿದ. ಬೈಯಲಿಲ್ಲ. ನೋಡಿದ, ಅಷ್ಟೇ. ನಾನು ಕೌಂಟರಿನ ಮೇಲಿನ ಉದುರಿದ ಹೊಟ್ಟನ್ನು ಕೈಯಿಂದ ಗುಡಿಸುತ್ತಾ ನಿಂತಿದ್ದೆ.

"ಮಿಕ್ಕಿದ್ದೂ ಹಿಂಗೇನಾ?"

ಹೂಂ ಅಂತ ತಲೆ ಆಡಿಸಿದೆ.

ಅವನು ಜಗಲಿಗೆ ಹೋಗಿ ಚಾಣ, ಸುತ್ತಿಗೆ ತಂದ. ಸ್ಟೂಲಿನ ಮೇಲೆ ಕೂತ. ಗಿಟಾರನ್ನು ತೊಡೆ ಮೇಲೆ ಇಟ್ಟುಕೊಂಡ. ಉಪ್ಪುಕಾಗದ ಕೊಡು ಅಂತ ನನ್ನತ್ತ ಕೈ ಚಾಚಿದ. ಕೊಟ್ಟೆ. ಆಮೇಲೆ ಆ ಫ್ಯಾಕ್ಟರಿಯವನಿಗೆ, ತಲೆ ಎತ್ತದೆ, ದಿನಾ ಕೇಳೋ ಅದೇ ದನಿಯಲ್ಲಿ ಕೇಳಿದ, "ಯಾರ ಹೆಸರು ಹಾಕ್ಲಿ?"

ಆ ಮನುಷ್ಯನಿಗೆ ಖುಷಿಯೋ ಖುಷಿ. ತನ್ನ ಹೆಸರು ಹೇಳಿದ. ಆಯಣ್ಣ ತನ್ನ ಅಕ್ಷರಗಳನ್ನು ಮರ ಬೆಳ್ಳಗಾಗುವವರೆಗೂ ತಿಕ್ಕಿ ತೆಗೆದ. ನಾನು ಮಾಡಿದ್ದು ಅರೆಬರೆ ಕೆಲಸ. ಅವನು ಮಾಡಿದ್ದು ಪೂರ್ತಿ. ಒಂದು ಗೀರೂ ಉಳಿಯಲಿಲ್ಲ. ಆ ಜಾಗದಲ್ಲಿ ಮೇಲೆ ತಮಿಳಿನಲ್ಲಿ, ಕೆಳಗೆ ಕನ್ನಡದಲ್ಲಿ ಆ ಮನುಷ್ಯನ ಹೆಸರು ಕೊರೆದ. ಊದಿದ. ಒರೆಸಿದ. ತಂತಿಯನ್ನು ಉಗುರಿನಿಂದ ಒಂದು ಸಲ ಮೀಟಿ ಕಿವಿಗೊಟ್ಟ.

"ಈಗ ಸರಿಯಾಯ್ತು ನೋಡು," ಅಂತ ಅವನ ಕೈಗೆ ಕೊಟ್ಟ.

ಮಾರನೇ ದಿನ ಎಂದಿನ ಹಾಗೇ ಬಂದ, ಚಾಣ ಮಸೆದ, ಟೀ ಕುಡಿದ. ತಪ್ಪಾಯಿತಣ್ಣ ಅಂತ ಶುರುಮಾಡಿದೆ. "ಬಿಡಮ್ಮ, ವ್ಯಾಪಾರ ಅಂದ್ಮೇಲೆ ಹಂಗೇಯ," ಅಂದ. ಅಷ್ಟೇ. ಬೈದಿದ್ದರೆ ಇವತ್ತು ನನಗೆ ಇಷ್ಟು ಕಷ್ಟ ಇರುತ್ತಿರಲಿಲ್ಲ. ಕೃಷ್ಣಗಿರಿ ಕಡೆ ಹೋಗಿ ಬಂದರೂ ಆಮೇಲೆ ವರದಿ ಇಲ್ಲ. ಅಮ್ಮಣ್ಣಿ ಅನ್ನೋದೂ ನಿಂತಿತು. ಏನಮ್ಮಾ, ಬಾರಮ್ಮಾ, ಹೋಗ್ಬತ್ತೀನಮ್ಮಾ. ಗಿರಾಕಿಗಳನ್ನು ಕರೆಯೋ ಹಾಗೆ. ಹೊರಗಿನವರಿಗೆ ಅದರಲ್ಲಿ ಏನೂ ಕಾಣೋದಿಲ್ಲ. ನನಗೆ ಮಾತ್ರ ದಿನಾ ಕೇಳಿಸುತ್ತಿತ್ತು. ಎರಡು ವರ್ಷ ಕೇಳಿಸಿಕೊಂಡೆ. ಈಗ ಅದೂ ಇಲ್ಲ.

ಹನ್ನೊಂದನೇ ದಿನ ಅತ್ತಿಗೆ ಕೇಳಿದ ಮಾತು ಇದು. ಮಗಳೂ ಬಾಗಿಲಿಗೆ ಒರಗಿಕೊಂಡು ನಿಂತಿದ್ದಳು, ಈಗ ದೊಡ್ಡವಳಾಗಿದ್ದಾಳೆ.

"ನಮ್ಮನೇವ್ರು ಆಗಾಗ ಹೇಳೋರು ಕಣಮ್ಮ, ಮೊನ್ನೆ ಹೋಗೋಕೆ ಹಿಂದಿನ ದಿನಾನೂ ಇವಳಿಗೆ ಹೇಳಿದ್ರು, ಹನ್ನೆರಡು ಮನೇಲಿ ನಮ್ ಹೆಸ್ರು ಐತೆ ಅಂತ. ಆ ಗಿಟಾರು ಒಂದಾದ್ರೂ ಸಿಕ್ತದಾ ನೋಡ್ತೀಯಾ? ಇವಳು ನುಡಿಸೋದು ಕಲೀತೀನಿ ಅಂತಾಳೆ. ಈ ಲೋಟ ಎಲ್ಲಾ ಬ್ಯಾಡ ನಮ್ಗೆ. ಅವರು ಕೈಯಾರೆ ಕೊರ್ದಿದ್ದು ಒಂದು ಮನೇಲಿರ್ಲಿ."

ಅಂದರೆ ಅವನು ಮನೆಯಲ್ಲಿ ಹೇಳಿರಲಿಲ್ಲ. ಆ ಮಧ್ಯಾಹ್ನ ನನ್ನ ಅಂಗಡಿಯಲ್ಲಿ ನಡೆದದ್ದನ್ನು ಹೆಂಡತಿಗೂ ಹೇಳದೆ, ಮಗಳಿಗೂ ಹೇಳದೆ, ನನ್ನ ಸುಳ್ಳನ್ನು ಎರಡು ವರ್ಷ ನನಗಿಂತ ಚೆನ್ನಾಗಿ ಅವನೇ ಕಾಪಾಡಿಕೊಂಡು ಬಂದಿದ್ದ. ನನ್ನನ್ನು ಉಳಿಸೋಕೋ, ಮಗಳ ಸಂತೋಷ ಉಳಿಸೋಕೋ, ಯಾರನ್ನು ಕೇಳಲಿ?

ನಿಜ ಹೇಳಲಾಗದೆ ನಾನು ಲೆಕ್ಕ ಹಾಕಿದೆ. ಬಣ್ಣದ ಕೆಳಗೆ ಹೆಸರು ಇನ್ನೂ ಇದೆ. ನಾನು ಸರಿಯಾಗಿ ತಿಕ್ಕಿರಲಿಲ್ಲ. ಬಾಗಲೂರಿನಲ್ಲಿ, ಮತ್ತಿಗಿರಿಯಲ್ಲಿ, ಮೂಕಂಡಪಲ್ಲಿಯ ಯಾವುದೋ ರೂಮಿನಲ್ಲಿ ಎಲ್ಲೋ ಇರುತ್ತವೆ. ಕಪ್ಪು ತಲೆ ಕಂಡರೆ ಉಗುರಿನಿಂದ ಕೆರೆದು ನೋಡಬಹುದು. ಇನ್ನು ಮೇಲೆ ಹುಡುಕೋದು ನನ್ನ ಸರದಿ.

"ಹುಡುಕ್ತೀನತ್ತಿಗೆ," ಅಂದೆ. "ಹನ್ನೊಂದು ಅವೆ. ಒಂದಾದ್ರೂ ತಂದು ಕೊಡ್ತೀನಿ."

ಅತ್ತಿಗೆ ಕಣ್ಣೊರೆಸಿಕೊಳ್ಳುತ್ತಿದ್ದವಳು ತಲೆ ಎತ್ತಿದಳು.

"ಹನ್ನೆರಡಲ್ವಾ? ಅವರು ಯಾವಾಗ್ಲೂ ಹನ್ನೆರಡು ಅಂತಲೇ ಅಂತಿದ್ರು."

"ಹೌದತ್ತಿಗೆ," ಅಂದೆ. "ಹನ್ನೆರಡು."